ಸಿಡ್‌ಮತ್‌ನ ಪಬ್‌ನಲ್ಲಿ ಸುವ್ವಿ ಪದ

ಮೊದಲ ವರ್ಷ ಸಿಡ್‌ಮತ್‌ ಜಾನಪದ ಹಬ್ಬಕ್ಕೆ ಹೋದಾಗ ಕಾರ್ಯಕ್ರಮದ ಪಟ್ಟಿ ಹಿಡಿದುಕೊಂಡು ದಿನಕ್ಕೆ ಐದಾರು ಕಡೆ ಓಡಿದೆ. ದೊಡ್ಡ ಟೆಂಟು, ದೊಡ್ಡ ಹೆಸರು, ಎಲ್ಲ ನೋಡಿದೆ. ಸಂಜೆಗೆ ಕಾಲು ನೋವು, ಕಿವಿಯಲ್ಲಿ ಒಂದು ಹಾಡೂ ಉಳಿದಿರಲಿಲ್ಲ. ನಾಲ್ಕನೇ ದಿನ ಮಳೆ ಬಂತು ಅಂತ ಒಂದು ಪಬ್‌ಗೆ ನುಗ್ಗಿದರೆ ಮೂಲೆಯ ಮೇಜಿನ ಸುತ್ತ ಏಳೆಂಟು ಜನ ಫಿಡಲ್, ಮೆಲೋಡಿಯನ್, ಕಾನ್ಸರ್ಟಿನಾ ಅನ್ನುವ ವಾದ್ಯಗಳನ್ನು ಹಿಡಿದು ಕೂತಿದ್ದರು, ಮೈಕ್ ಇಲ್ಲ, ವೇದಿಕೆ ಇಲ್ಲ, ಒಬ್ಬರು ಶುರು ಮಾಡಿದರೆ ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಿದ್ದರು. ರಾತ್ರಿವರೆಗೂ ನಾನು ಅಲ್ಲಿಂದ ಏಳಲಿಲ್ಲ. ಇದಕ್ಕೆ ಸೆಷನ್ ಅನ್ನುತ್ತಾರೆ. ಈಗ ಆರು ವರ್ಷದಿಂದ ನಾನು ಹೋಗುವುದೇ ಈ ಮೇಜುಗಳಿಗಾಗಿ.

ಸಿಡ್‌ಮತ್‌ ಇರುವುದು ಇಂಗ್ಲೆಂಡಿನ ಡೆವನ್‌ನಲ್ಲಿ, ಕೆಂಪು ಬಂಡೆಗಳ ನಡುವಿನ ಸಣ್ಣ ಕಡಲೂರು. ಹಬ್ಬ 1955ರಲ್ಲಿ ಶುರುವಾಯಿತು. ಆಗಸ್ಟ್ ಮೊದಲ ವಾರದ ಹೊತ್ತಿಗೆ ಊರೇ ತುಂಬಿರುತ್ತದೆ. ಸಮುದ್ರದ ಪಕ್ಕದ ದಾರಿಯಲ್ಲಿ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಮಾರಿಸ್ ಎಂಬ ಇಂಗ್ಲಿಷ್ ಜಾನಪದ ಕುಣಿತ ಕುಣಿಯುವವರು ಇರುತ್ತಾರೆ, ಅದಕ್ಕೆ ಟಿಕೆಟ್ ಬೇಡ. ರೈಲು ಎಕ್ಸೆಟರ್‌ವರೆಗೆ, ಅಲ್ಲಿಂದ ಬಸ್ಸು.

ಇನ್ನು ಏಲ್ ವಿಷಯ. ಏಲ್ ಅಂದರೆ ಒಂದು ಬಗೆಯ ಬಿಯರ್. ರಿಯಲ್ ಏಲ್ ಕುಡಿಯುವುದನ್ನು ನಾನು ಕಲಿತದ್ದು ಕೆಲಸ ಮಾಡಿ. ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಹತ್ತಿರದ ಒಂದು ಬೇಸಿಗೆ ಬಿಯರ್ ಹಬ್ಬದಲ್ಲಿ ಎರಡು ವರ್ಷ ಸ್ವಯಂಸೇವಕನಾಗಿದ್ದೆ. ಇಂಥ ಹಬ್ಬಗಳು ಹೆಚ್ಚಾಗಿ ಸ್ವಯಂಸೇವಕರಿಂದಲೇ ನಡೆಯುತ್ತವೆ, ಕೇಳಿದರೆ ಖುಷಿಯಿಂದ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಗೊತ್ತಾಯಿತು, ಈ ಏಲ್ ಪೀಪಾಯಿಯೊಳಗೆ ಇನ್ನೂ ಹುಳಿಯುತ್ತಲೇ ಇರುತ್ತದೆ. ಒಳಗೆ ಯೀಸ್ಟ್ ಜೀವಂತ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. ಕರ್ನಾಟಕದಲ್ಲಿ ನಮ್ಮ ಕಡೆ ಈಚಲು ಹೆಂಡ ಬೆಳಗ್ಗೆ ಒಂದು ರುಚಿ, ಮಧ್ಯಾಹ್ನ ಇನ್ನೊಂದು ರುಚಿ ಇರುತ್ತದಲ್ವಾ, ಇದೂ ಆ ಜಾತಿಯದೇ, ಸ್ವಲ್ಪ ನಿಧಾನ ಅಷ್ಟೇ.

9 ಗ್ಯಾಲನ್ ಹಿಡಿಯುವ ಪೀಪಾಯಿಗೆ ಫರ್ಕಿನ್ ಅನ್ನುತ್ತಾರೆ, ಸುಮಾರು 41 ಲೀಟರ್. ಅದನ್ನು ಮಲಗಿಸಿ ಅಲುಗಾಡದಂತೆ ಇಡಬೇಕು. ಮೇಲಿನ ತೂತಿಗೆ ಮೆತ್ತನೆಯ ಮರದ ಬೆಣೆ ಹೊಡೆದರೆ ಜಾಸ್ತಿ ಇದ್ದ ಗ್ಯಾಸ್ ನಿಧಾನ ಹೊರಗೆ ಹೋಗುತ್ತದೆ. ಆಮೇಲೆ ಗಟ್ಟಿ ಬೆಣೆ. ಒಂದು ದಿನವಾದರೂ ಹಾಗೇ ಬಿಟ್ಟರೆ ಗಷ್ಟು ಕೆಳಗೆ ಕೂರುತ್ತದೆ. ನಲ್ಲಿಯನ್ನು ಮರದ ಸುತ್ತಿಗೆಯಿಂದ ಒಂದೇ ಏಟಿಗೆ ಹೊಡೆದು ಕೂರಿಸಬೇಕು, ಅನುಮಾನಿಸುತ್ತಾ ಹೊಡೆದರೆ ಏಲ್ ಎಲ್ಲ ಮೈಮೇಲೆ. ತೆರೆದ ಮೇಲೆ ಮೂರು ದಿನದೊಳಗೆ ಮುಗಿಸಿದರೆ ಒಳ್ಳೆಯದು. 11ರಿಂದ 13 ಡಿಗ್ರಿ ತಂಪು ಸಾಕು. ಟೆಂಟಿನಲ್ಲಿ ಆ ತಂಪು ಉಳಿಸಿಕೊಳ್ಳುವುದೇ ಕಷ್ಟದ ಕೆಲಸ: ಒದ್ದೆ ಬಟ್ಟೆ ಹೊದಿಸಿ ಮೇಲೆ ಐಸ್ ಇಡುತ್ತಿದ್ದೆವು, ಮಡಕೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಒಂದು ಮಧ್ಯಾಹ್ನ ಬಿಸಿಲು ಬೀಳುವ ಕಡೆಯಿದ್ದ ಪೀಪಾಯಿ ನಮ್ಮ ಕಣ್ಣು ತಪ್ಪಿ ಕಾದುಹೋಯಿತು. ಪೂರ್ತಿ ಚೆಲ್ಲಿದೆವು. ಆ ಬೇಸರ ಈಗಲೂ ಇದೆ.

ಸಸ್ಯಾಹಾರಿಗಳು ಒಂದು ಕೇಳಿಕೊಳ್ಳಬೇಕು. ಏಲ್ ತಿಳಿಯಾಗಲಿ ಅಂತ ಅನೇಕರು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕುತ್ತಾರೆ. ಅದು ಹಾಕದ್ದು ಇದೆಯಾ ಎಂದು ಕೌಂಟರಿನಲ್ಲಿ ಕೇಳಿ, ಸಂಕೋಚ ಬೇಡ. ನೋಡಲು ಸ್ವಲ್ಪ ಮಸುಕು ಇರಬಹುದು, ರುಚಿಗೆ ಕೊರತೆಯಿಲ್ಲ.

ನಾನು ಪೈಂಟ್ ತೆಗೆದುಕೊಳ್ಳುವುದಿಲ್ಲ, ಅದು 568 ಮಿಲಿ. ಅರ್ಧ ಸಾಕು, ಜೊತೆಗೆ ಒಂದು ದೊಡ್ಡ ಲೋಟ ನೀರು. ನಾಲ್ಕು ಪರ್ಸೆಂಟ್ ಆಸುಪಾಸು ಆಲ್ಕೋಹಾಲ್ ಇರುವ ಬಿಟರ್ ಎಂಬ ಕಹಿ ಏಲ್ ಅರ್ಧ ಪೈಂಟನ್ನು ಮುಕ್ಕಾಲು ಗಂಟೆ ಹಿಡಿದು ಕೂತರೆ, ತಂಪು ಇಳಿದಂತೆ ಅದರ ವಾಸನೆ ಬಿಚ್ಚಿಕೊಳ್ಳುತ್ತದೆ, ಹಾಡೂ ತಲೆಗೆ ಹೋಗುತ್ತದೆ.

ಸೆಷನ್‌ನಲ್ಲಿ ಸುಮ್ನೆ ಹೋಗಿ ವಾದ್ಯದವರ ಕುರ್ಚಿಯಲ್ಲಿ ಕೂರಬೇಡಿ. ಪಕ್ಕದ ಮೇಜು ಹಿಡಿಯಿರಿ. ವಾದ್ಯ ನುಡಿಸುವಾಗ ಮೆಲ್ಲಗೆ ಮಾತಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಯಾರಾದರೂ ಒಂಟಿ ದನಿಯಲ್ಲಿ ಹಾಡಲು ಶುರು ಮಾಡಿದರೆ ಇಡೀ ಪಬ್ ಸುಮ್ಮನಾಗುತ್ತದೆ. ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಬಂದಾಗ ಮಾತ್ರ ಎಲ್ಲರೂ ದನಿಗೂಡಿಸುತ್ತಾರೆ, ಕೆಲವರು ಮೇಲಿನ ಸ್ವರ, ಕೆಲವರು ಕೆಳಗಿನದು. ಎರಡನೇ ಸಲಕ್ಕೆ ನಿಮಗೂ ಬಾಯಿಗೆ ಬರುತ್ತದೆ, ಹಾಡಿಬಿಡಿ.

ಹೋದ ವರ್ಷ ಒಂದು ಕಡೆ ಎಲ್ಲರೂ ಸರದಿಯಂತೆ ಹಾಡುತ್ತಿದ್ದರು. ನನ್ನ ಸರದಿಯೂ ಬಂತು. ಇಂಗ್ಲಿಷ್ ಹಾಡು ಪೂರ್ತಿ ಬರುವುದಿಲ್ಲ, ಹಾಗಾಗಿ ಅಜ್ಜಿ ಭತ್ತ ಕುಟ್ಟುವಾಗ ಹೇಳುತ್ತಿದ್ದ ಪದ ಹೇಳಿದೆ. ಮೊದಲು ಸೊಲ್ಲು ಕಲಿಸಿದೆ. ಸುವ್ವಿ, ಸುವ್ವಿ, ಇಷ್ಟೇ ಎಂದೆ. ಮೂರನೇ ನುಡಿಗೆ ಮೂವತ್ತು ಜನ ಸುವ್ವಿ ಅಂದರು, ಯಾರೋ ಗ್ಲಾಸಿನ ತಳದಿಂದ ಮೇಜಿಗೆ ಒನಕೆಯ ಲಯ ಹಾಕಿದರು. ನನಗೆ ಗಂಟಲು ಕಟ್ಟಿತು.

ಮುಗಿದ ಮೇಲೆ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಏನು ಕುಟ್ಟುತ್ತಿದ್ದರು ಎಂದು ಕೇಳಿದರು. ಭತ್ತ ಎಂದೆ. ಹಾಗಾದರೆ ಇದು ಕೇಳು ಅಂತ ಹಡಗಿನ ಹಗ್ಗ ಎಳೆಯುವ ಹಾಡು ಎತ್ತಿಕೊಂಡರು. ಎಳೆಯುವ ಜಾಗ ಬಂದಾಗಲೆಲ್ಲ ನಾವೆಲ್ಲ ಒಟ್ಟಿಗೆ ದನಿ ಕೊಟ್ಟೆವು.