ಟ್ರೆಂಡ್ ಫಾಲೋಯಿಂಗ್ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ನಾನು ಆಡಿಟರ್. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬು. ಜೊತೆಗೆ ಸ್ವಲ್ಪ ಟ್ರೇಡಿಂಗೂ ಮಾಡುತ್ತೇನೆ. ಹಾಗಾಗಿ ದುಬಾರಿ ಕೋರ್ಸ್ ಕಣ್ಣಿಗೆ ಬಿದ್ದ ಕೂಡಲೇ ಗೆಳೆಯರು ನನಗೆ ಲಿಂಕ್ ಕಳಿಸಿ "ತಗೊಳ್ಳಬಹುದಾ?" ಅಂತ ಕೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ: ಬಿಟ್ಟಿ ಸಿಗುವ ನಿಯಮವನ್ನು ನೀವೇ ಒಮ್ಮೆ ಓಡಿಸಿ ನೋಡಿದ್ದೀರಾ?

ಟ್ರೆಂಡ್ ಫಾಲೋಯಿಂಗ್ ಅಂದರೆ ಬೆಲೆ ಹೋಗುತ್ತಿರುವ ದಿಕ್ಕಿನಲ್ಲೇ ಟ್ರೇಡ್ ಮಾಡುವ ಪದ್ಧತಿ. ಅದರಲ್ಲಿ ಗುಟ್ಟು ಕಡಿಮೆ. ಅಮೆರಿಕದ ಟ್ರೇಡರ್ ರಿಚರ್ಡ್ ಡಾಂಚಿಯನ್ ಅವರ ನಾಲ್ಕು ವಾರದ ನಿಯಮ ದಶಕಗಳಷ್ಟು ಹಳೆಯದು. ಬೆಲೆ ಹಿಂದಿನ ನಾಲ್ಕು ವಾರದ ಗರಿಷ್ಠ ದಾಟಿದರೆ ಕೊಳ್ಳುವುದು, ಕನಿಷ್ಠಕ್ಕಿಂತ ಇಳಿದರೆ ಮಾರುವುದು, ಅಷ್ಟೇ. 1983ರಲ್ಲಿ ಷಿಕಾಗೋದ ಟ್ರೇಡರ್‌ಗಳಾದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ನಡುವೆ ಟ್ರೇಡಿಂಗ್ ಕಲಿಸಿದರೆ ಬರುತ್ತದೋ ಇಲ್ಲವೋ ಅಂತ ವಾದ ಹುಟ್ಟಿತು. ಡೆನಿಸ್ ಜಾಹೀರಾತು ಕೊಟ್ಟು ಜನರನ್ನು ಆರಿಸಿ ಎರಡು ವಾರ ಪಾಠ ಹೇಳಿದರು. 'ಟರ್ಟಲ್‌ಗಳು' ಎಂದು ಹೆಸರಾದ ಈ ಶಿಷ್ಯರ ನಿಯಮಗಳು, ಅಂದರೆ 20 ಮತ್ತು 55 ದಿನದ ಬ್ರೇಕ್‌ಔಟ್ (ಬೆಲೆ ಹಿಂದಿನ ಅಷ್ಟು ದಿನದ ಗರಿಷ್ಠ ಅಥವಾ ಕನಿಷ್ಠ ದಾಟುವುದು), ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಅಂದಹಾಗೆ, ಡೆನಿಸ್ ಈ ಶಿಷ್ಯರಿಂದ ಫೀಸು ತಗೊಳ್ಳಲಿಲ್ಲ. ತನ್ನ ದುಡ್ಡನ್ನೇ ಅವರ ಕೈಗಿಟ್ಟು ಲಾಭದಲ್ಲಿ ಪಾಲು ಕೊಟ್ಟರು. ಪಾಠ ಒಂದೇ ಆದರೂ ಎಲ್ಲರೂ ಒಂದೇ ಥರ ಗಳಿಸಲಿಲ್ಲ.

ಹಾಗಾಗಿ ಮೊದಲು ನಿಮ್ಮದೇ ಲೆಕ್ಕ ಮಾಡಿ. ಚಿನ್ನ, ಕಚ್ಚಾ ತೈಲ, ಒಂದು ಕರೆನ್ಸಿ ಜೋಡಿ, ಒಂದು ಷೇರು ಸೂಚ್ಯಂಕ, ಹೀಗೆ ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ ಮೂರ್ನಾಲ್ಕು ಮಾರ್ಕೆಟ್ ಆರಿಸಿ. 2007ರಿಂದ ಈಚಿನ ದಿನದ ಬೆಲೆಗಳನ್ನು ಎಕ್ಸೆಲ್‌ಗೆ ಹಾಕಿಕೊಳ್ಳಿ. ಒಂದು ಕಾಲಂನಲ್ಲಿ ಹಿಂದಿನ 55 ದಿನದ ಗರಿಷ್ಠ, ಪಕ್ಕದಲ್ಲಿ ಹಿಂದಿನ 20 ದಿನದ ಕನಿಷ್ಠ. ಇವತ್ತಿನ ದಿನವನ್ನು ಅದರೊಳಗೆ ಸೇರಿಸಬೇಡಿ. ಸೇರಿಸಿದರೆ ಬೆಲೆ ತನ್ನನ್ನೇ ತಾನು ದಾಟಬೇಕಾಗುತ್ತದೆ, ಬ್ರೇಕ್‌ಔಟ್ ಸಿಗುವುದೇ ಇಲ್ಲ. ಗರಿಷ್ಠ ದಾಟಿದಾಗ ಎಂಟ್ರಿ (ಕೊಳ್ಳುವುದು), ಕನಿಷ್ಠಕ್ಕಿಂತ ಇಳಿದಾಗ ಎಕ್ಸಿಟ್ (ಮಾರಿ ಹೊರಬರುವುದು). ಪ್ರತಿ ಸಲವೂ ಬ್ರೋಕರ್ ಖರ್ಚು ಕಳೆಯಿರಿ.

ಈಗ ಲಾಭ-ನಷ್ಟದ ಕಾಲಂ ಮೇಲಿಂದ ಕೆಳಗೆ ಓದಿ. ನಷ್ಟ, ನಷ್ಟ, ಚಿಲ್ಲರೆ ಲಾಭ, ನಷ್ಟ, ನಷ್ಟ, ನಷ್ಟ, ಆಮೇಲೆ ಎಲ್ಲವನ್ನೂ ತುಂಬಿಕೊಡುವ ಒಂದು ದೊಡ್ಡ ಲಾಭ. ಈ ಪದ್ಧತಿಯ ಸ್ವಭಾವವೇ ಇದು. 100 ಟ್ರೇಡಿನಲ್ಲಿ 35 ಗೆಲ್ಲುವ ಪದ್ಧತಿಗೆ ಸಾಲಾಗಿ ಹತ್ತು ನಷ್ಟ ಬರುವುದು ಇನ್ನೂರು ಟ್ರೇಡಿನೊಳಗೆ ಆಶ್ಚರ್ಯದ ಮಾತೇನಲ್ಲ. ಪ್ರತಿ ಟ್ರೇಡಿಗೆ ಶೇ. 1 ಪಣಕ್ಕಿಟ್ಟರೆ ಆ ಹತ್ತು ಮುಗಿಯುವಾಗ ಬಂಡವಾಳ ಶೇ. 10ರ ಹತ್ತಿರ ಕರಗಿರುತ್ತದೆ. ಶೇ. 2 ಇಟ್ಟರೆ ಶೇ. 18. ಕಾಗದದ ಮೇಲೇ ಇದನ್ನು ನೋಡಿ ಹೊಟ್ಟೆ ತೊಳಸಿದರೆ ಯಾವ ಕೋರ್ಸೂ ಬೇಡ, ಬೇರೆ ದಾರಿ ನೋಡಿ.

ಈ ಹಾಳೆ ಕೈಯಲ್ಲಿದ್ದರೆ ಮಾರುವವರ ಮಾತು ಅಳೆಯುವುದು ಸುಲಭ. ವೆಬಿನಾರ್‌ನಲ್ಲಿ ಹಸಿರು ಬಾಣ ಹಾಕಿದ ಒಂದು ಚೆಂದದ ಏರಿಕೆ ತೋರಿಸುತ್ತಾರೆ, ಅಲ್ವಾ? ಅದೇ ಚಾರ್ಟ್ ನೀವೇ ತೆರೆದು ಎಡಕ್ಕೆ ಎಳೆಯಿರಿ. ಏರಿಕೆಗೆ ಮುಂಚೆ ಬೆಲೆ ತಿಂಗಳುಗಟ್ಟಲೆ ಅಲ್ಲಲ್ಲೇ ಸುತ್ತಾಡಿರುತ್ತದೆ. ಆಗ ಅದೇ ನಿಯಮ ಎಷ್ಟು ಸಲ ಸುಳ್ಳು ಸಿಗ್ನಲ್ ಕೊಟ್ಟಿತು ಅಂತ ಎಣಿಸಿ. 'ನಮ್ಮದು ಶೇ. 85 ಗೆಲುವು' ಅನ್ನುವವರಂತೂ ಬಹುಶಃ ಟ್ರೆಂಡ್ ಫಾಲೋಯಿಂಗ್ ಕಲಿಸುತ್ತಿಲ್ಲ. ಇಲ್ಲವೇ ನಷ್ಟದ ಟ್ರೇಡುಗಳನ್ನು ಮುಚ್ಚದೆ, ಅಂದರೆ ಮಾರಿ ಲೆಕ್ಕ ಮುಗಿಸದೆ, ಹಾಗೇ ಇಟ್ಟುಕೊಂಡಿರುತ್ತಾರೆ.

ಮುಂದಿನದು ಬ್ರೋಕರ್ ಸ್ಟೇಟ್‌ಮೆಂಟ್. ಸ್ಕ್ರೀನ್‌ಶಾಟ್ ನನ್ನ ಲೆಕ್ಕಕ್ಕೆ ದಾಖಲೆಯೇ ಅಲ್ಲ. ಪೂರ್ತಿ ಸ್ಟೇಟ್‌ಮೆಂಟ್ ಕೊಟ್ಟರೆ ಲಾಭದ ಸಾಲು ಆಮೇಲೆ ನೋಡಿ, ಮೊದಲು ಜಮಾ ಮತ್ತು ಹಿಂತೆಗೆತ ನೋಡಿ. ಆರಂಭದಲ್ಲಿ 100, ಕೊನೆಯಲ್ಲಿ 150 ಇದ್ದರೆ ಶೇ. 50 ಲಾಭ ಅಂತ ಕಾಣುತ್ತದೆ. ಮಧ್ಯೆ 40 ಹೊಸದಾಗಿ ಜಮಾ ಆಗಿದ್ದರೆ ಟ್ರೇಡಿಂಗ್ ಗಳಿಸಿದ್ದು ಬರೀ 10. ಇನ್ನೂ ಮುಚ್ಚದ ಟ್ರೇಡುಗಳ ಪಟ್ಟಿ ಬೇರೆ ಪುಟದಲ್ಲಿರಬಹುದು, ಅದನ್ನೂ ಕೇಳಿ ಪಡೆಯಿರಿ.

ಯಾವ ವರ್ಷದ ಲೆಕ್ಕ ಅನ್ನುವುದೂ ಮುಖ್ಯ. 2008ರಲ್ಲಿ ಷೇರುಗಳು ಕುಸಿದಾಗ ಟ್ರೆಂಡ್ ಹಿಡಿಯುವ ಫಂಡ್‌ಗಳು ಚೆನ್ನಾಗಿ ಗಳಿಸಿದವು. 2022ರಲ್ಲೂ ಹಾಗೇ. ಆದರೆ 2009, 2011, 2012ರಲ್ಲಿ ಅವುಗಳಲ್ಲಿ ಬಹಳಷ್ಟು ಒದ್ದಾಡಿದವು. ಬರೀ ಒಳ್ಳೆ ವರ್ಷ ತೋರಿಸುವವರಿಗೆ ಕೆಟ್ಟ ವರ್ಷದ ಹಾಳೆ ಕೇಳಿ. ನಷ್ಟವನ್ನು ಮುಚ್ಚಿಡದೆ ತೋರಿಸಿ, ಆಗ ತಾನೇನು ಮಾಡಿದೆ ಅಂತ ವಿವರಿಸುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ನಿಯಮ ಓಡಿಸಿದ ಲೆಕ್ಕ) ತೋರಿಸಿದರೆ 55ರ ಜಾಗದಲ್ಲಿ 45 ಅಥವಾ 65 ಹಾಕಿದರೆ ಏನಾಗುತ್ತದೆ ಅಂತ ಕೇಳಿ. ಲಾಭ ಅಲ್ಲೇ ಮಾಯವಾದರೆ ಆ ಸಂಖ್ಯೆಯನ್ನು ಹಳೆಯ ಬೆಲೆಗೆ ತಕ್ಕಂತೆ ಹೊಂದಿಸಿದ್ದಾರೆ ಅಂತಲೇ ಲೆಕ್ಕ. ಷೇರುಗಳ ಬ್ಯಾಕ್‌ಟೆಸ್ಟ್ ಆದರೆ, ಮುಚ್ಚಿಹೋದ ಕಂಪನಿಗಳೂ ಅದರಲ್ಲಿವೆಯಾ ಅಂತ ನೋಡಿ.

ಫೀಸಿನ ಲೆಕ್ಕ ಹೀಗಿದೆ. ಬಂಡವಾಳದ ಶೇ. 20 ಕೋರ್ಸಿಗೆ ಹೋದರೆ, ಉಳಿದದ್ದರ ಮೇಲೆ ಶೇ. 25 ಗಳಿಸಿದಾಗ ಮಾತ್ರ ಹೊರಟಲ್ಲಿಗೆ ಬರುತ್ತೀರಿ. ವರ್ಷಕ್ಕೆ ಶೇ. 15 ಗಳಿಸುವವರಿಗೂ ಇದಕ್ಕೆ ಒಂದೂವರೆ ವರ್ಷ ಸಾಲದು. ಫೀಸು ಬಂಡವಾಳದ ಶೇ. 2 ದಾಟಿದರೆ ನಾನಂತೂ ಬೇಡ ಅನ್ನುತ್ತೇನೆ. ಸಣ್ಣ ಬಂಡವಾಳದವರಿಗೆ ಇಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಹಾಗಂತ ಎಲ್ಲ ಕೋರ್ಸೂ ದಂಡ ಅಲ್ಲ. ನಿಮ್ಮ ಟ್ರೇಡ್ ದಾಖಲೆಯನ್ನು ಸಾಲುಸಾಲಾಗಿ ಓದಿ ಎಲ್ಲಿ ನಿಯಮ ಮುರಿದಿರಿ ಅಂತ ತೋರಿಸುವವರು, ಎಷ್ಟು ಮಾರ್ಕೆಟ್‌ಗಳಲ್ಲಿ ಎಷ್ಟೆಷ್ಟು ದುಡ್ಡು ಹಂಚಬೇಕು ಅಂತ ನಿಮ್ಮ ಬಂಡವಾಳದ ಮೇಲೇ ಲೆಕ್ಕ ಹಾಕಿಕೊಡುವವರು, ಬ್ಯಾಕ್‌ಟೆಸ್ಟ್ ಕೋಡ್ ಕೈಗೆ ಕೊಡುವವರು ಇದ್ದಾರೆ. ಇಂಥದ್ದಕ್ಕೆ ಬೆಲೆ ಕೊಡಬಹುದು. ಬರೀ ಎಂಟ್ರಿ-ಎಕ್ಸಿಟ್ ನಿಯಮದ ವಿಡಿಯೊಗಳಾದರೆ ಅದು ನಿಮ್ಮ ಎಕ್ಸೆಲ್‌ನಲ್ಲಿ ಆಗಲೇ ಇದೆ.

ಕೊಳ್ಳುವುದೇ ಅಂತಾದರೆ ದುಡ್ಡು ವಾಪಸ್ ಕೊಡುವ ಷರತ್ತನ್ನು ಬರಹದಲ್ಲಿ ತಗೊಳ್ಳಿ. 'ಮೊದಲ ವಿಡಿಯೊ ತೆರೆದರೆ ವಾಪಸ್ ಇಲ್ಲ' ಅಂತ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರಬಹುದು. ಇದಾದ ಮೇಲೆ 'ಅಡ್ವಾನ್ಸ್ಡ್' ಕೋರ್ಸ್ ಬೇರೆ ಇದೆಯಾ, ಅದರ ಬೆಲೆ ಎಷ್ಟು ಅಂತ ಈಗಲೇ ಕೇಳಿ. 'ಇವತ್ತು ರಾತ್ರಿ 12ರವರೆಗೆ ಮಾತ್ರ ರಿಯಾಯಿತಿ' ಅಂದರೆ ಸುಮ್ನೆ ಮಲಗಿಬಿಡಿ. ಮುಂದಿನ ವಾರ ಮತ್ತೆ ಆ ಪುಟ ತೆರೆದು ನೋಡಿ, ರಿಯಾಯಿತಿ ಇನ್ನೂ ಅಲ್ಲೇ ಇರಬಹುದು.