ಮಳೆ ಮುಗಿದ ಮೇಲೆ ಜಿಪ್ಸಿಗೆ ಗೇರ್ ಆಯಿಲ್, ಕ್ರೌನ್ ಆಯಿಲ್: ನನ್ನ ಅನುಭವ

ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಆದರೆ ಫೋರ್ ವೀಲ್ ಡ್ರೈವ್ ಗಾಡಿಯ ಕೆಳಗೆ ಇನ್ನೂ ನಾಲ್ಕು ಕಡೆ ಆಯಿಲ್ ಇರುತ್ತದೆ. ಗೇರ್ ಬಾಕ್ಸ್, ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಿಂದಿನ ಡಿಫರೆನ್ಶಿಯಲ್, ಹಾಗೆಯೇ ಮುಂದಿನ ಡಿಫರೆನ್ಶಿಯಲ್. ಡಿಫರೆನ್ಶಿಯಲ್ಲಿಗೆ ಹಾಕುವುದನ್ನು ನಮ್ಮ ಕಡೆ ವರ್ಕ್‌ಶಾಪಿನಲ್ಲಿ ಕ್ರೌನ್ ಆಯಿಲ್ ಅನ್ನುತ್ತಾರೆ. ಈ ನಾಲ್ಕರಲ್ಲಿ ಮುಂದಿನದ್ದನ್ನಂತೂ ವರ್ಷಗಟ್ಟಲೆ ಯಾರೂ ತೆಗೆದು ನೋಡಿರುವುದಿಲ್ಲ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಗಾಡಿ ಜಿಪ್ಸಿ ಕಿಂಗ್. ಮಾರುತಿಯವರು 1985ರಲ್ಲಿ ಜಿಪ್ಸಿ ತಂದರು, 2019ರ ಹೊತ್ತಿಗೆ ನಿಲ್ಲಿಸಿದರು. ಹೊಸದು ಸಿಗುವುದಿಲ್ಲವಲ್ಲ, ಹಾಗಾಗಿ ಇರುವ ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರಿನಲ್ಲೇ ಓಡುತ್ತದೆ, ಹಳ್ಳ ದಾಟುತ್ತದೆ. ಮಳೆ ನಿಂತು ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ, ಅಂದರೆ ಅಕ್ಟೋಬರ್ ಸುಮಾರಿಗೆ, ನಾಲ್ಕೂ ಆಯಿಲ್ ನಾನೇ ಬದಲಿಸುತ್ತೇನೆ. ಹೈವೇಯಲ್ಲೇ ಓಡುವ ಗಾಡಿಗೆ ವರ್ಷ ವರ್ಷ ಬದಲಿಸುವ ಅಗತ್ಯವಿಲ್ಲ. ನೀರಿಗಿಳಿಯುವ ಗಾಡಿಯ ಲೆಕ್ಕವೇ ಬೇರೆ.

ಇದರಲ್ಲಿ ದುಡ್ಡು ಉಳಿಯುತ್ತದೆ, ನಿಜ. ಆದರೆ ನಾನು ಮಾಡುವುದು ಅದಕ್ಕಲ್ಲ. ಹಳೆ ಆಯಿಲನ್ನು ನನ್ನ ಕಣ್ಣಾರೆ ನೋಡಬೇಕು. ಯಾವ ಹೌಸಿಂಗಿಗೆ (ಗೇರ್‌ಗಳ ಹೊರಕವಚಕ್ಕೆ) ನೀರು ಹೋಗಿದೆ, ಯಾವ ಗೇರ್ ಸವೆಯುತ್ತಿದೆ, ಆಯಿಲ್ ಸೋರದಂತೆ ತಡೆಯುವ ಯಾವ ಸೀಲ್ ಸೋಲುತ್ತಿದೆ ಅನ್ನುವುದನ್ನೆಲ್ಲ ಆ ಆಯಿಲ್ ಹೇಳುತ್ತದೆ. ವರ್ಕ್‌ಶಾಪಿಗೆ ಬಿಟ್ಟು ಬಂದರೆ ಸಂಜೆ ಬಿಲ್ ಕೈಗೆ ಬರುತ್ತದೆ. ಹಳೆ ಆಯಿಲ್ ಹೇಗಿತ್ತು ಅಂತ ಹೇಳುವವರು ಯಾರೂ ಇರುವುದಿಲ್ಲ.

ಮೊದಲು ಯಾವ ಆಯಿಲ್ ಅನ್ನುವ ವಿಷಯ. ಅಂಗಡಿಗೆ ಹೋಗಿ ಸುಮ್ನೆ ‘ಗೇರ್ ಆಯಿಲ್ ಕೊಡಿ’ ಅಂದರೆ ಸಾಲದು. ಡಬ್ಬದ ಮೇಲೆ ಎರಡು ವಿಷಯ ಓದಬೇಕು. ಒಂದು ದಪ್ಪ, ಉದಾಹರಣೆಗೆ 80ಡಬ್ಲ್ಯು-90. ಇನ್ನೊಂದು ಆಯಿಲಿನ ದರ್ಜೆ, ಜಿಎಲ್-4 ಅಥವಾ ಜಿಎಲ್-5. ಡಿಫರೆನ್ಶಿಯಲ್ಲಿನ ಕ್ರೌನ್ ವೀಲ್ ಮತ್ತು ಪಿನಿಯನ್ ಅನ್ನುವ ಗೇರ್‌ಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತಾ ಉಜ್ಜುತ್ತವೆ. ಅಲ್ಲಿ ಒತ್ತಡ ವಿಪರೀತ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆ ಜಾಸ್ತಿ. ಅದು ಹಲ್ಲಿನ ಮೇಲೆ ತೆಳು ಪದರ ಕಟ್ಟಿ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಾಯುತ್ತದೆ. ಗೇರ್ ಆಯಿಲಿಗೆ ಆ ಕೆಟ್ಟ ವಾಸನೆ ಬರುವುದೂ ಗಂಧಕದಿಂದಲೇ.

ಗೇರ್ ಬಾಕ್ಸಿನ ಒಳಗೆ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳಿವೆ. ಗೇರ್ ಬದಲಿಸುವಾಗ ಅವು ಸ್ವಲ್ಪ ಉಜ್ಜಿ ವೇಗ ಸಮ ಮಾಡಬೇಕು. ಜಿಎಲ್-5ರಷ್ಟು ಜಾರುವ ಆಯಿಲ್ ಅಲ್ಲಿದ್ದರೆ ರಿಂಗ್ ಹಿಡಿಯುವುದಿಲ್ಲ. ಮೇಲಾಗಿ ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಹಿತ್ತಾಳೆಯನ್ನೂ ತಿನ್ನುತ್ತದೆ. ‘ಐದು ನಾಲ್ಕಕ್ಕಿಂತ ದೊಡ್ಡದು, ಎಲ್ಲ ಕಡೆ ಅದನ್ನೇ ಹಾಕಿ’ ಅನ್ನುವವರ ಮಾತು ಕೇಳಬೇಡಿ. ನಾನು ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿಗೆ ಜಿಎಲ್-4 ಹಾಕುತ್ತೇನೆ, ಎರಡು ಡಿಫರೆನ್ಶಿಯಲ್ಲಿಗೆ ಜಿಎಲ್-5. ನಿಮ್ಮ ಗಾಡಿ ಬೇರೆಯಾಗಿದ್ದರೆ ಅದರ ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಗೇರ್ ಬಾಕ್ಸಿಗೆ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 0.8, ಹಿಂದಿನ ಡಿಫರೆನ್ಶಿಯಲ್ಲಿಗೆ 1.5, ಮುಂದಿನದಕ್ಕೆ 2 ಲೀಟರ್ ಬೇಕು. ಹಿಂದಿನದಕ್ಕಿಂತ ಮುಂದಿನದಕ್ಕೇ ಜಾಸ್ತಿ, ಗಮನಿಸಿ. ಜಿಎಲ್-4 ಮೂರು ಲೀಟರ್, ಜಿಎಲ್-5 ನಾಲ್ಕು ಲೀಟರ್ ತಂದರೆ ಸಾಕು. ಉಳಿದದ್ದು ಆಮೇಲೆ ಮಟ್ಟ ಇಳಿದಾಗ ತುಂಬಲು ಬೇಕಾಗುತ್ತದೆ.

ಜಾಗ ಸಮತಟ್ಟಾಗಿರಲೇಬೇಕು. ಗಾಡಿ ಒಂದು ಕಡೆ ವಾಲಿದರೆ ಆಯಿಲ್ ಮಟ್ಟ ತಪ್ಪು ತೋರಿಸುತ್ತದೆ. ತೋಟದಲ್ಲಿ ಚೆನ್ನಾಗಿ ಮಟ್ಟವಾಗಿರುವ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಆದರೆ ಅಲ್ಲಿ ಈ ಕೆಲಸ ಬೇಡ. ಕಾಫಿ ಬೀಜ ಸುತ್ತಲಿನ ವಾಸನೆ ಹೀರುತ್ತದೆ. ಗೇರ್ ಆಯಿಲ್ ಒಂದು ಲೋಟದಷ್ಟು ಚೆಲ್ಲಿದರೂ ಆ ಜಾಗದಲ್ಲಿ ಕಾಫಿ ಹರಡುವಂತಿಲ್ಲ. ನಾನು ಶೆಡ್ಡಿನ ನೆಲದ ಮೇಲೆ ಹಳೆ ಟಾರ್ಪಾಲ್ ಹಾಸಿ ಮಾಡುತ್ತೇನೆ.

ಜಿಪ್ಸಿಗೆ ನೆಲದಿಂದ ಎತ್ತರ ಚೆನ್ನಾಗಿದೆ. ಜಾಕಿ ಹಾಕದೆ ಕೆಳಗೆ ನುಸುಳಬಹುದು. ಹಾಗೆ ಮಾಡುವುದೇ ಒಳ್ಳೆಯದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೇರಿನಲ್ಲಿ ಹಾಕಿದ್ದೇನೆ, ಗಾಡಿ ಉರುಳುವುದಿಲ್ಲ ಅಂತ ನಂಬಿ ಕೆಳಗೆ ಹೋಗಬೇಡಿ. ಟ್ರಾನ್ಸ್‌ಫರ್ ಲಿವರ್ ‘ಎನ್’ನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಹಾಕಿದ್ದರೂ ಚಕ್ರಕ್ಕೂ ಗೇರ್ ಬಾಕ್ಸಿಗೂ ಸಂಬಂಧವೇ ಇರುವುದಿಲ್ಲ. ಹಿಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿದ್ದರೂ ಅಷ್ಟೆ. ಎತ್ತಿದ ಚಕ್ರ ತಿರುಗುತ್ತದೆ, ನೆಲದಲ್ಲಿರುವುದು ಉರುಳುತ್ತದೆ. ಡಿಫರೆನ್ಶಿಯಲ್ಲಿನ ಕೆಲಸವೇ ಅದು, ಅಲ್ವಾ? ಹ್ಯಾಂಡ್ ಬ್ರೇಕ್ ಎಳೆಯಿರಿ. ಮುಂದೆ ಹಿಂದೆ ಚಕ್ರಕ್ಕೆ ಅಡ್ಡವಾಗಿ ಕಲ್ಲು ಅಥವಾ ಮರದ ತುಂಡು ಕೊಡಿ. ಎತ್ತಲೇಬೇಕಾದರೆ ಜಾಕಿಯ ಮೇಲೆ ಬಿಟ್ಟು ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಇಡಿ.

ಹಿಂದಿನ ದಿನವೇ ಆಯಿಲ್ ತುಂಬುವ, ಇಳಿಸುವ ತೂತುಗಳ ತಿರುಪು ಮುಚ್ಚಳಗಳ, ಅಂದರೆ ಎಂಟೂ ಪ್ಲಗ್‌ಗಳ ಸುತ್ತ ಒಣಗಿದ ಕೆಸರನ್ನು ತಂತಿ ಬ್ರಶ್ಶಿನಲ್ಲಿ ಕೆರೆದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡುತ್ತೇನೆ. ಇದನ್ನು ಮಾಡದಿದ್ದರೆ ಪ್ಲಗ್ ತೆಗೆದ ಕೂಡಲೇ ಮಣ್ಣು ಒಳಗೆ ಹೋಗುತ್ತದೆ. ಬೆಳಿಗ್ಗೆ ಒಂದೈದು ಕಿಲೋಮೀಟರ್ ಓಡಿಸಿಕೊಂಡು ಬರುತ್ತೇನೆ. ಚಳಿಯಲ್ಲಿ ಗೇರ್ ಆಯಿಲ್ ಜೋನಿಬೆಲ್ಲದ ಹಾಗೆ ಇಳಿಯುತ್ತದೆ, ಅರ್ಧ ಒಳಗೇ ಅಂಟಿಕೊಂಡಿರುತ್ತದೆ. ಬೆಚ್ಚಗಾದರೆ ತಳದ ಕಸವನ್ನೂ ಎಬ್ಬಿಸಿಕೊಂಡು ಬರುತ್ತದೆ.

ಇನ್ನು ಕೆಲಸ. ಪ್ರತಿ ಕೇಸಿಗೂ ಎರಡು ಪ್ಲಗ್, ಪಕ್ಕದಲ್ಲಿ ತುಂಬುವುದು, ಅಡಿಯಲ್ಲಿ ಇಳಿಸುವುದು. ತುಂಬುವ ಪ್ಲಗ್ ಮೊದಲು ತೆಗೆಯಬೇಕು. ಕೆಳಗಿನದು ತೆಗೆದು ಆಯಿಲೆಲ್ಲ ಬಿಟ್ಟ ಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬರದಿದ್ದರೆ ಏನು ಮಾಡುತ್ತೀರಿ? ಗಾಡಿ ಅಲ್ಲೇ ನಿಂತಿತು. ಬಾಯಿ ತೆರೆದ ಸ್ಪ್ಯಾನರ್ ಹಾಕಬೇಡಿ, ಮೂಲೆ ಜಾರಿ ಪ್ಲಗ್ ಗುಂಡಾಗುತ್ತದೆ. ಸರಿಯಾಗಿ ಕೂರುವ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಹಾಕಿ, ಬೇಕಾದರೆ ಅದಕ್ಕೆ ಪೈಪ್ ಸಿಕ್ಕಿಸಿ, ನಿಧಾನವಾಗಿ ಒತ್ತಡ ಕೊಡಿ.

ಆಯಿಲ್ ಇಳಿಯುವಾಗ ಬಿಳಿ ಪ್ಲಾಸ್ಟಿಕ್ ಟಬ್ ಇಡುತ್ತೇನೆ, ಬಣ್ಣ ಕಾಣಬೇಕಲ್ಲ. ನಾಲ್ಕು ಆಯಿಲನ್ನೂ ಬೇರೆ ಬೇರೆ ನೋಡುತ್ತೇನೆ, ಒಟ್ಟಿಗೆ ಸುರಿಯುವುದಿಲ್ಲ. ಕಪ್ಪಾಗಿದ್ದು ತೆಳ್ಳಗೆ ಹರಿದರೆ ವಯಸ್ಸಾಗಿದೆ, ಅಷ್ಟೆ. ಬಿಳಿಚಿಕೊಂಡು ನೊರೆ ಕಟ್ಟಿದ್ದರೆ ನೀರು ಹೋಗಿದೆ. ಪ್ಲಗ್ಗಿನಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಇಲ್ಲದಿದ್ದರೆ ಹಳೆ ಸ್ಪೀಕರಿನ ಮ್ಯಾಗ್ನೆಟ್ಟನ್ನು ಟಬ್ಬಿನಲ್ಲಿ ಆಡಿಸಿ. ನುಣ್ಣಗಿನ ಬೂದು ಬಣ್ಣದ ಹಿಟ್ಟು ಸಿಕ್ಕಿದರೆ ಗಾಬರಿ ಬೇಡ, ಗೇರ್ ಇದ್ದಲ್ಲಿ ಅಷ್ಟು ಸವೆತ ಇರುತ್ತದೆ. ಉಗುರಿಗೆ ತಾಗುವ ಚೂರು, ಸಿಬಿರು ಸಿಕ್ಕಿದರೆ ಬೇರಿಂಗೋ ಹಲ್ಲೋ ಹೋಗುತ್ತಿದೆ ಅಂತ. ಆಗ ಹೊಸ ಆಯಿಲ್ ತುಂಬಿ ಸುಮ್ಮನಾಗುವ ಹಾಗಿಲ್ಲ, ಬಿಚ್ಚಿಸಿ ನೋಡಲೇಬೇಕು. ಗೇರ್ ಬಾಕ್ಸ್ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಮ್ಯಾಗ್ನೆಟ್ಟಿಗೆ ಅಂಟದೆ ಹಳದಿಯಾಗಿ ಮಿನುಗುವುದು ಸಿಂಕ್ರೋ ರಿಂಗಿನ ಹಿತ್ತಾಳೆ. ಎರಡನೇ ಗೇರ್ ಬೀಳುವಾಗ ಕಿರಿಕ್ ಅನ್ನುತ್ತಿದ್ದರೆ ಕಾರಣ ಅಲ್ಲೇ ಸಿಗುತ್ತದೆ.

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ಸ್ವಲ್ಪ ಹಿಂದೆ ಬೇರೆಯಾಗಿ ಕೂತಿದೆ, ನಡುವೆ ಶಕ್ತಿ ಸಾಗಿಸುವ ತಿರುಗುವ ದಂಡ, ಗಿಡ್ಡ ಪ್ರೊಪೆಲ್ಲರ್ ಶಾಫ್ಟ್. ಹಾಗಾಗಿ ಒಂದರ ಆಯಿಲ್ ಇನ್ನೊಂದಕ್ಕೆ ಹೋಗುವ ಮಾತೇ ಇಲ್ಲ. ಎರಡೂ ಒಟ್ಟಿಗಿರುವ ಹಳೆ ಜೀಪುಗಳಲ್ಲಿ ನಡುವಿನ ಸೀಲ್ ಹೋದರೆ ಒಂದು ತುಂಬಿ ಇನ್ನೊಂದು ಖಾಲಿಯಾಗುವುದುಂಟು. ಆ ತಲೆನೋವು ನಮಗಿಲ್ಲ.

ಮುಂದಿನ ಆಕ್ಸಲ್‌ಗೆ ಬಂದಾಗ ಇನ್ನೊಂದು ಜಾಗ ನೋಡಿ. ಚಕ್ರದ ಒಳಗಡೆ, ಸ್ಟಿಯರಿಂಗ್ ತಿರುಗುವಲ್ಲಿ, ನಕಲ್ ಅನ್ನುವ ದುಂಡನೆಯ ಕೀಲು ಇದೆ. ಅದರೊಳಗೆ ಇರಬೇಕಾದ್ದು ಗ್ರೀಸ್. ಆಕ್ಸಲ್‌ನ ಒಳಸೀಲ್ ಸೋತರೆ ಡಿಫರೆನ್ಶಿಯಲ್ ಆಯಿಲ್ ಅಲ್ಲಿಗೆ ನುಗ್ಗಿ, ಗ್ರೀಸನ್ನು ಕರಗಿಸಿ, ಕಪ್ಪು ರಾಡಿಯಾಗಿ ಹೊರಗೆ ಸೋರುತ್ತದೆ. ಮುಂದಿನಿಂದ ಎರಡು ಲೀಟರ್ ಬರಬೇಕಾದಲ್ಲಿ ಒಂದೂವರೆ ಬಂದು, ನಕಲ್ ಒದ್ದೆಯಾಗಿದ್ದರೆ ಉಳಿದದ್ದು ಎಲ್ಲಿ ಹೋಯಿತು ಅಂತ ಹುಡುಕಬೇಕಿಲ್ಲ. ಸೀಲ್ ಹಾಕಿಸಿ, ನಕಲ್ ತೊಳೆದು ಹೊಸ ಗ್ರೀಸ್ ತುಂಬಿಸಬೇಕು. ಇದು ನನ್ನ ಕೈಯ ಕೆಲಸವಲ್ಲ, ಮೆಕ್ಯಾನಿಕ್‌ಗೇ ಕೊಡುತ್ತೇನೆ.

ನೀರಿನ ವಿಷಯಕ್ಕೆ ಬರೋಣ. ಮಲೆನಾಡಿನಲ್ಲಿ ಗಾಡಿ ಇಟ್ಟವರಿಗೆಲ್ಲ ಇದು ಗೊತ್ತಿರಲೇಬೇಕು. ಹಳ್ಳ ದಾಟಿದ ಮಾತ್ರಕ್ಕೆ ಹೌಸಿಂಗಿಗೆ ನೀರು ಹೋಗುವುದಿಲ್ಲ, ಸೀಲ್‌ಗಳು ಅಷ್ಟು ದುರ್ಬಲವಲ್ಲ. ಆಗುವುದು ಹೀಗೆ. ಗುಡ್ಡ ಹತ್ತಿ ಇಳಿದು ಬಂದ ಆಕ್ಸಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣೀರಿಗೆ ಇಳಿದ ಕೂಡಲೇ ಆ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಎಳೆಯಲು ನೋಡುತ್ತದೆ. ಅದಕ್ಕೆಂದೇ ಆಕ್ಸಲ್ ಮೇಲೆ ಬ್ರೀದರ್ ಅನ್ನುವ ಪುಟ್ಟ ತೂತು ಇದೆ. ಅದು ನೀರಿನಡಿ ಮುಳುಗಿದ್ದರೆ ಅಲ್ಲಿಂದ ನೀರು ಹೋಗಬಹುದು. ಕೆಸರು ಕಟ್ಟಿಕೊಂಡಿದ್ದರೆ ಸೀಲಿನ ಅಂಚಿನಿಂದ ಎಳೆದುಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಇದೇ ತಿರುವುಮುರುವು. ಬಿಸಿಯಾದ ಗಾಳಿಗೆ ಹೊರಹೋಗಲು ದಾರಿ ಇಲ್ಲದೆ ಆಯಿಲನ್ನು ಸೀಲಿನಿಂದ ಹೊರಗೆ ದೂಡುತ್ತದೆ. ನಮ್ಮ ಮೆಕ್ಯಾನಿಕ್ ಅಣ್ಣ ಯಾವಾಗಲೂ ಹೇಳುವುದು ಇದನ್ನೇ: ‘ಸಾರ್, ಹೌಸಿಂಗ್ ಬೆವರ್ತಾ ಇದೆ ಅಂದ್ರೆ ಸೀಲ್ ತರೋಕೆ ಓಡ್ಬೇಡಿ, ಮೊದ್ಲು ಬ್ರೀದರ್ ಊದಿ ನೋಡಿ.’

ಅದಕ್ಕೆ ನಾನು ಎರಡೂ ಆಕ್ಸಲ್ ಬ್ರೀದರ್‌ಗಳಿಗೆ ರಬ್ಬರ್ ಪೆಟ್ರೋಲ್ ಪೈಪ್ ಜೋಡಿಸಿ ಎತ್ತರಕ್ಕೆ ಒಯ್ದಿದ್ದೇನೆ. ಮುಂದಿನದು ಬಾನೆಟ್ ಒಳಗೆ ಮೇಲ್ಗಡೆ, ಹಿಂದಿನದು ಬಾಡಿಯ ಒಳಭಾಗಕ್ಕೆ. ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್, ಧೂಳು ಹೋಗದಿರಲಿ ಅಂತ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಪೈಪ್ ಸ್ವಲ್ಪ ಸಡಿಲ ಬಿಡಬೇಕು. ಸೈಲೆನ್ಸರ್ ಹತ್ತಿರ ಹಾಯಿಸಬಾರದು. ಇದನ್ನು ಮಾಡಿದ ಮೇಲೆ ಮಳೆಗಾಲ ಕಳೆದರೂ ನನ್ನ ಡಿಫರೆನ್ಶಿಯಲ್ ಆಯಿಲ್ ಬಿಳಿಚಿಕೊಂಡಿಲ್ಲ. ಜಿಪ್ಸಿಗೆ ಟೈರು, ಲೈಟು ಅಂತ ಖರ್ಚು ಮಾಡುವವರು ಮೊದಲು ಈ ಪೈಪಿಗೆ ಖರ್ಚು ಮಾಡಲಿ ಅನ್ನುವುದು ನನ್ನ ಆಸೆ.

ನೀರು ಸೇರಿದ್ದೇ ಆದರೆ ಮುಂದಿನ ಅಕ್ಟೋಬರ್‌ಗೆ ಕಾಯಬೇಡಿ. ನೀರಿದ್ದಲ್ಲಿ ಬೇರಿಂಗ್ ತುಕ್ಕು ಹಿಡಿಯುತ್ತದೆ, ಅದು ಮತ್ತೆ ಸರಿಯಾಗುವುದಿಲ್ಲ. ಡೀಸೆಲ್ ಹಾಕಿ ತೊಳೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಅದೇ ದರ್ಜೆಯ ಅಗ್ಗದ ಗೇರ್ ಆಯಿಲ್ ಹಾಕಿ, ಸ್ವಲ್ಪ ದೂರ ಓಡಿಸಿ, ಬೆಚ್ಚಗಿರುವಾಗಲೇ ಇಳಿಸಿ, ಆಮೇಲೆ ಒಳ್ಳೆಯದು ತುಂಬುವುದೇ ಲೇಸು.

ತುಂಬುವುದು ಸುಲಭ, ಆದರೆ ತಾಳ್ಮೆ ಬೇಕು. ಇಳಿಸುವ ಪ್ಲಗ್ ಒರೆಸಿ, ಅದರ ತಿರುಪಿನ ಥ್ರೆಡ್ಡಿಗೆ ಸ್ವಲ್ಪ ಸೀಲೆಂಟ್ ಹಚ್ಚಿ ಬಿಗಿ ಮಾಡಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ಅಲ್ಯೂಮಿನಿಯಂ. ಪೈಪ್ ಸಿಕ್ಕಿಸಿ ಬಿಗಿ ಮಾಡಿದರೆ ಥ್ರೆಡ್ ಕಿತ್ತುಬರುತ್ತದೆ. ಕೈಗೆ ಗಟ್ಟಿ ಅನ್ನಿಸಿದ ಮೇಲೆ ಇನ್ನೊಂದು ಚೂರು ಸಾಕು. ಆಮೇಲೆ ಕೈಪಂಪಿನಿಂದ ಪಕ್ಕದ ತೂತಿಗೆ ಆಯಿಲ್ ತುಂಬುತ್ತಾ ಹೋಗುವುದು. ತೂತಿನ ಕೆಳ ಅಂಚಿಗೆ ಬಂದು ಹೊರಗೆ ಒಸರಲು ಶುರುವಾದರೆ ಆಯಿತು. ಲೀಟರ್ ಲೆಕ್ಕ ಅಂದಾಜಿಗಷ್ಟೇ, ತೂತಿನ ಅಂಚೇ ಅಳತೆ. ಐದು ನಿಮಿಷ ಬಿಟ್ಟರೆ ಆಯಿಲ್ ಆಕ್ಸಲ್ ಕೊಳವೆಯೊಳಗೆ ಹರಿದು ಮಟ್ಟ ಇಳಿಯುತ್ತದೆ. ಮತ್ತೆ ಸ್ವಲ್ಪ ಹಿಡಿಸುತ್ತದೆ. ಮುಂದಿನದರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕೆಳಗೆ ಹೇಗೂ ಮಲಗಿದ್ದೀರಿ, ಗ್ರೀಸ್ ಗನ್ ಹಿಡಿದು ಪ್ರೊಪೆಲ್ಲರ್ ಶಾಫ್ಟ್‌ಗಳ ತುದಿಯ ಕೀಲಿನ, ಅಂದರೆ ಕ್ರಾಸಿನ, ಗ್ರೀಸ್ ನಿಪ್ಪಲ್‌ಗಳಿಗೂ ಹೊಡೆದುಬಿಡಿ. ಹೊಸ ಗ್ರೀಸ್ ಹೊರಗೆ ಕಾಣುವವರೆಗೆ.

ಹಳೆ ಆಯಿಲ್ ಐದು ಲೀಟರಿಗೂ ಜಾಸ್ತಿ ಆಗುತ್ತದೆ. ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುವ ರೂಢಿ ನಮ್ಮ ಕಡೆ ಇದೆ. ನಾನು ಬಿಟ್ಟಿದ್ದೇನೆ. ಮಳೆ ಬಿದ್ದರೆ ಅದು ಮಣ್ಣಿಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಆ ಹಳ್ಳದ ನೀರನ್ನೇ ಕೆಳಗಿನವರು ಬಳಸುತ್ತಾರೆ. 2016ರ ಕೇಂದ್ರದ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ. ಖಾಲಿಯಾದ ಡಬ್ಬಗಳಿಗೇ ತುಂಬಿ, ಪೇಟೆಗೆ ಹೋದಾಗ ಹಳೆ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡುತ್ತೇನೆ. ನೀರು ಬೆರೆತದ್ದನ್ನು ಬೇರೆ ಇಟ್ಟು, ಹೇಳಿಯೇ ಕೊಡುತ್ತೇನೆ.

ಎಲ್ಲ ಆದ ಮೇಲೆ ತೋಟದ ಮಣ್ಣು ರಸ್ತೆಯಲ್ಲಿ ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಮಾಡಿ, 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ) ಒಂದು ಸುತ್ತು. ಟಾರ್ ರಸ್ತೆಯಲ್ಲಿ ಬೇಡ, ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಎಳೆದಾಡಿ ಗೇರ್‌ಗಳು ಬಿಗಿದುಕೊಳ್ಳುತ್ತವೆ. ಹಬ್ ಲಾಕ್ ಬಿಡಿಸಿ 2ಎಚ್‌ನಲ್ಲೇ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ಓಡಿಸುತ್ತಿದ್ದರೆ ಮುಂದಿನ ಡಿಫರೆನ್ಶಿಯಲ್ ತಿರುಗುವುದೇ ಇಲ್ಲ. ಆಯಿಲ್ ತಳದಲ್ಲಿ, ಮೇಲಿನ ಹಲ್ಲು ಬೇರಿಂಗ್‌ಗಳು ಒಣ ಒಣ. ಅದಕ್ಕೆ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹೀಗೆ ಒಂದು ಸುತ್ತು ಹೊಡೆಸುತ್ತೇನೆ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡುತ್ತೇನೆ. ತೊಟ್ಟು ಬಿದ್ದ ಜಾಗಕ್ಕೆ ನೇರ ಮೇಲಿರುವ ಪ್ಲಗ್ಗನ್ನು ಇನ್ನೊಂದು ಚೂರು ಬಿಗಿ ಮಾಡಿದರೆ ಆ ವರ್ಷದ ಕೆಲಸ ಮುಗಿಯಿತು.