ಸಂಜೆಗೆ ಮೊದಲು ಗಾಡಿ ನಿಂತಿರಬೇಕು

ಸ್ನೇಹಿತರೆಲ್ಲ ಸೇರಿ ಕಾರಿನಲ್ಲಿ ಹೊರಟರೆ ಪ್ಲಾನ್ ಮಾಡುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಖುಷಿಯಿಂದಲೇ ಮಾಡುತ್ತೇನೆ. ನಾನು ಹಿಡಿಯುವ ಲೆಕ್ಕ ಒಂದೇ. ಆವತ್ತು ಸೂರ್ಯ ಮುಳುಗುವುದು ಎಷ್ಟು ಹೊತ್ತಿಗೆ ಅಂತ ಮೊದಲು ನೋಡುತ್ತೇನೆ. ಅದಕ್ಕಿಂತ 2 ಗಂಟೆ ಮುಂಚೆ ಉಳಿಯುವ ಜಾಗ ತಲುಪಿರಬೇಕು. ಹೊರಡುವ ಸಮಯವನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ದಾರಿಯುದ್ದಕ್ಕೂ ನಗು, ಹಾಡು, ಗಲಾಟೆ ಇದ್ದೇ ಇರುತ್ತದೆ. ಆದರೆ ಎಲ್ಲರೂ ಎದುರುಬದುರು ಕೂತು ಮಾತಾಡಲು ಸಿಗುವುದು ಸಂಜೆ ಮಾತ್ರ, ಅಲ್ವಾ? ಕತ್ತಲಾದ ಮೇಲೆ ಸುಸ್ತಾಗಿ ತಲುಪಿದರೆ ಎಲ್ಲರೂ ಹಾಸಿಗೆ ಹುಡುಕುತ್ತಾರೆ.

ಮ್ಯಾಪ್ 5 ಗಂಟೆ ದಾರಿ ಅಂದರೆ ನಾನು 7 ಅಂತ ಇಟ್ಟುಕೊಳ್ಳುತ್ತೇನೆ. ಅಷ್ಟು ಜನ ಇದ್ದಾಗ ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಫೋಟೋ, ಮತ್ತೊಬ್ಬರಿಗೆ ಟಾಯ್ಲೆಟ್. 2 ಗಂಟೆಗೊಮ್ಮೆ ನಿಲ್ಲಿಸುವುದಂತೂ ಕಡ್ಡಾಯ. ಆಗಲೇ ಡ್ರೈವರ್ ಬದಲಾಗುತ್ತಾರೆ. ಮಧ್ಯಾಹ್ನ 2ರಿಂದ 4ರವರೆಗೆ ಮೈ ತಾನಾಗಿಯೇ ತೂಕಡಿಸುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರಿಗಷ್ಟೇ ಆ ಹೊತ್ತಿನಲ್ಲಿ ಸ್ಟೇರಿಂಗ್. ಪಕ್ಕದಲ್ಲಿ ಕೂತವರು ಮಲಗುವ ಹಾಗಿಲ್ಲ. ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಲೇಬೇಕು, ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಟಯರ್ ತಣ್ಣಗಿರುವಾಗಲೇ ಗಾಳಿ ನೋಡಿಸುತ್ತೇನೆ. ಭಾರದ ಚೀಲಗಳು ಡಿಕ್ಕಿಯ ತಳಕ್ಕೆ, ಸೀಟಿನ ಬೆನ್ನಿಗೆ ಒತ್ತಿಕೊಂಡು. ಸಂಜೆಗೆ ಬೇಕಾದ ಸ್ವೆಟರ್, ಟಾರ್ಚ್, ಚಾಪೆ, ನೀರು ಬೇರೆ ಚೀಲದಲ್ಲಿ, ಎಲ್ಲಕ್ಕಿಂತ ಮೇಲೆ. ತಲುಪಿದ ಕೂಡಲೇ ಅದೊಂದನ್ನು ಎತ್ತಿಕೊಂಡು ಸಂಜೆ ಕೂರುವ ಜಾಗಕ್ಕೆ ಹೊರಟರಾಯಿತು. ರೂಮಿನಲ್ಲಿ ಬ್ಯಾಗ್ ಬಿಚ್ಚಲು ಶುರು ಮಾಡಿದರೆ ಬೆಳಕು ಹೋಗಿಬಿಡುತ್ತದೆ. ದುಡ್ಡಿನ ವಿಷಯ ಸುಲಭ. ಎಲ್ಲರೂ ಒಂದೇ ಮೊತ್ತ ಹಾಕಿ ಒಬ್ಬರ ಕೈಗೆ ಕೊಡುವುದು, ಮುಗಿದಾಗ ಮತ್ತೆ ಹಾಕುವುದು.

ತಾರೀಕು ಆರಿಸುವಾಗ ಚಂದ್ರನನ್ನೂ ನೋಡುತ್ತೇನೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಎದುರು ದಿಕ್ಕಿನಲ್ಲಿ ಚಂದ್ರ ಹುಟ್ಟುತ್ತಾನೆ. ಎರಡೂ ಕಡೆ ತೆರೆದಿರುವ ಗುಡ್ಡವೋ ಬಯಲೋ ಸಿಕ್ಕರೆ ಒಂದೇ ಕಡೆ ಕೂತು ಎರಡನ್ನೂ ನೋಡಬಹುದು. ಆಮೇಲಿನ ದಿನಗಳಲ್ಲಿ ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಬರುತ್ತಾನೆ. ನಕ್ಷತ್ರ ನೋಡುವ ಆಸೆ ಇದ್ದರೆ ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ನನಗೆ ಅದೇ ಜಾಸ್ತಿ ಇಷ್ಟ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಲ್ಲಿಯವರೆಗೆ ಯಾರೂ ಮೊಬೈಲ್ ತೆಗೆಯಬಾರದು ಅಂತ ಮಾತಾಗಿರುತ್ತದೆ. ಯಾರದ್ದಾದರೂ ಸ್ಕ್ರೀನ್ ಹೊತ್ತಿಕೊಂಡರೆ "ಅಯ್ಯೋ, ಆರಿಸೋ!" ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಮತ್ತೆ ಮೊದಲಿಂದ ಕಾಯಬೇಕು. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಮಂದವಾದ ಕೆಂಪು ಬೆಳಕಿಗೆ ಕಣ್ಣು ಅಷ್ಟಾಗಿ ಕೆಡುವುದಿಲ್ಲ, ಕಾಲ್ದಾರಿಯೂ ಕಾಣುತ್ತದೆ.

ಆ ಜಾಗದಿಂದ ರೂಮಿಗೆ ವಾಪಸ್ ಯಾರು ಓಡಿಸುತ್ತಾರೆ ಅಂತ ಮಧ್ಯಾಹ್ನವೇ ತೀರ್ಮಾನ ಮಾಡುತ್ತೇವೆ. ಕುಡಿಯುವವರು ಕೀ ಮುಟ್ಟುವುದಿಲ್ಲ. ಸಾಧ್ಯವಾದಷ್ಟೂ ನಡೆದು ಹೋಗಿ ಬರುವಷ್ಟು ದೂರದಲ್ಲೇ ರೂಮ್ ಹುಡುಕುತ್ತೇನೆ, ಆಗ ಡ್ರೈವರ್ ಕೂಡ ನಮ್ಮ ಜೊತೆ ಆರಾಮಾಗಿ ಇರಬಹುದು. ರೂಮಿನಲ್ಲೇ ಇರುತ್ತೇನೆ ಅನ್ನುವವರಿಗೆ ಒತ್ತಾಯ ಇಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಅವರಿಗೆ ಹೇಳಿ ಹೊರಡುತ್ತೇವೆ.